ಕಬ್ಬಿಣದ ಮಾರ್ಗದಲ್ಲೊಬ್ಬ ದೇಸಿ ಗಾಯಕ



ನನ್ನ ಬಾಲ್ಯದ ಕೆಲವು ವರ್ಷಗಳು ಹುಬ್ಬಳ್ಳಿಯಲ್ಲಿ, ರೈಲ್ವೆ ವರ್ಕ್‌ಷಾಪಿನ ಭೋಂಗಾ ಕೇಳಿಸುವಷ್ಟು ಸಮೀಪದ ಒಂದು ಓಣಿಯಲ್ಲಿ ಕಳೆದುವು. ನಮ್ಮ ಮನೆಯ ಹಿಂದಣ ಬೇಲಿಯಾಚೆಗೆ, ಗೂಡ್ಸ್ ಗಾಡಿಯ ಗಾರ್ಡ್ ಆಗಿದ್ದ ಆಂಗ್ಲೋ-ಇಂಡಿಯನ್ ಗೃಹಸ್ಥರೊಬ್ಬರು ವಾಸವಾಗಿದ್ದರು. ಎರಡು ಮೂರು ದಿನ ಗಾಡಿಯೊಡನೆ ಹೋದವರು ಮೈಯೆಲ್ಲ ಮಸಿಯಾಗಿ ಹಿಂದಿರುಗಿ, ಸ್ನಾನ ಮುಗಿಸಿ, ಜಗಲಿಗೆ ಗ್ರಾಮಫೋನನ್ನು ತಂದಿರಿಸಿ, ಕೀಲಿ ತಿರುವಿ, ಪ್ರತಿಸಲವೂ ಒಂದೇ ಪ್ಲೇಟನ್ನು ಮೊದಲು ಹಾಕುವರು. ಹಡಗಿನಲ್ಲಿ ಕೆಲಸಕ್ಕಿದ್ದ ಅವರ ಬಂಧುವೊಬ್ಬರು ಅದನ್ನು ಅಮೆರಿಕದಿಂದ ತಂದುಕೊಟ್ಟಿದ್ದರಂತೆ. ಅದರಲ್ಲಿ ಒಬ್ಬ ಗಂಡಸು ಸ್ವಲ್ಪ ಹೊತ್ತು ನೆಟ್ಟಗೆ ಹಾಡಿ, ಚರಣ ಮುಗಿದೊಡನೆಯೆ ಕೊರಳೇ ಮುರಿದುಬಿದ್ದಿತೋ ಎಂಬಂತೆ ಧ್ವನಿಯನ್ನು ಮೇಲಕ್ಕೆ ಹಾರಿಸಿ, ಅರ್ಥವಿಲ್ಲದ ಅಕ್ಷರಗಳಲ್ಲಿ ಊಳಿಡುತ್ತಿದ್ದನು. ಪ್ಲೇಟಿನ ನಡುವಣ ಕಾಗದದ ಮೇಲೆ, ನಮ್ಮ ದೇಶದ ಪ್ಲೇಟುಗಳ ಮೇಲೂ ಎಲ್ಲರೂ ಕಂಡಿರುವ, ಕೊಳವೆಯ ಮುಂದೆ ಕಿವಿಗೊಟ್ಟು ಕುಳಿತ ನಾಯಿಯ ಚಿತ್ರವಿದ್ದಿತು. ಓಣಿಯ ಹುಡುಗರಾದ ನಮಗೆ ಸಂಶಯವೇ ಉಳಿಯಲಿಲ್ಲ: ಚರಣವನ್ನು ಹಾಡುವವನು ಮನುಷ್ಯ, ಊಳಿಡುವುದು ಆ ನಾಯಿ. ಒಂದು ಸಂಜೆ ಧೈರ್ಯಮಾಡಿ ಈ ಸಿದ್ಧಾಂತವನ್ನು ಗಾರ್ಡ್ ಸಾಹೇಬರ ಮುಂದೆಯೇ ಮಂಡಿಸಿದೆವು. ಅವರು ಹೊಟ್ಟೆ ಹಿಡಿದುಕೊಂಡು ನಕ್ಕು, ತಮ್ಮ ಹುಬ್ಬಳ್ಳಿಯ ಕನ್ನಡದಲ್ಲಿ, "ನಾಯಿ ಅಲ್ಲೋ ತಮ್ಮಾ, ಅಂವ ನಮ್ಮ ರೈಲ್ವೆ ಮನಿಷಾ" ಎಂದರು.

ಆ ರೈಲ್ವೆಯ ಮನುಷ್ಯನ ಹೆಸರು ಜಿಮ್ಮಿ ರೋಜರ್ಸ್ ಎಂಬುದನ್ನು ನಾನು ತಿಳಿದದ್ದು ಎಷ್ಟೋ ವರ್ಷಗಳ ಅನಂತರ. ಅಮೆರಿಕದವರು ಇಂದು ಕಂಟ್ರಿ ಸಂಗೀತವೆಂದು ಕರೆಯುವ, ನಾವು ಬೇಕಾದರೆ ನಾಡಹಾಡು ಎನ್ನಬಹುದಾದ ಸಂಪ್ರದಾಯಕ್ಕೆ ಆತನು ಮೂಲಪುರುಷನೆಂದು ಗಣಿತನಾಗಿರುವನು. 1961ರಲ್ಲಿ ಆ ಸಂಗೀತದ ಕೀರ್ತಿಮಂದಿರವೊಂದನ್ನು ಸ್ಥಾಪಿಸಿ, ಅದರಲ್ಲಿ ಹೆಸರು ಕೆತ್ತಿಸತಕ್ಕವರು ಯಾರೆಂದು ವಿಚಾರಮಾಡಿದಾಗ ಮೊದಲ ಸಲಕ್ಕೆ ಆಯ್ಕೆಯಾದವರು ಮೂವರೇ, ಅವರಲ್ಲೊಬ್ಬನು ರೋಜರ್ಸ್. ಆತನು ಬದುಕಿದ್ದದ್ದು ಮೂವತ್ತೈದು ವರ್ಷ. ಪ್ಲೇಟುಗಳಿಗೆ ಹಾಡಿದ್ದದ್ದು ಆರು ವರ್ಷಕ್ಕೂ ಕಡಮೆ ಕಾಲ. ಆ ಆರು ವರ್ಷವೂ ಆತನ ಪುಪ್ಪುಸಗಳನ್ನು ಕ್ಷಯವು ತಿನ್ನುತ್ತಲೇ ಇದ್ದಿತು.

ನಮ್ಮ ಲಾಕ್ಷಣಿಕರು ಸಂಗೀತವನ್ನೂ ಸಾಹಿತ್ಯವನ್ನೂ ಮಾರ್ಗವೆಂದು, ದೇಸಿಯೆಂದು ಇಬ್ಬಗೆಯಾಗಿ ವಿಂಗಡಿಸಿದರಷ್ಟೆ. ಶಾಸ್ತ್ರವು ತೋರಿದ ಹಾದಿಯಲ್ಲಿ ನಡೆಯುವುದು ಮಾರ್ಗ. ಆಯಾ ನಾಡಿನ ಜನರು ತಮ್ಮ ತಮ್ಮ ರುಚಿಗೆ ಒಪ್ಪಿಸಿಕೊಂಡದ್ದು ದೇಸಿ. ಮಾರ್ಗವು ಎಲ್ಲೆಡೆಯೂ ಸಲ್ಲುವುದೆಂದೂ, ದೇಸಿಯು ಹುಟ್ಟಿದ ಮಣ್ಣಿಗೆ ಬೇರೂರಿ ಅಲ್ಲಿಯೇ ಹೂಬಿಟ್ಟು ಅಲ್ಲಿಯೇ ಉದುರುವುದೆಂದೂ ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಆದರೆ ಈ ಗಾಯಕನ ಜೀವನವನ್ನು ಪರಿಶೀಲಿಸಿದಂತೆಲ್ಲ ನನಗೆ ಈ ಭಾವನೆಯಲ್ಲಿ ಶಂಕೆ ಹುಟ್ಟಿರುತ್ತದೆ. ಆತನ ದೇಸಿ ಹುಟ್ಟಿದ್ದು ಹೊಲದಲ್ಲಲ್ಲ, ಗುಡ್ಡದಲ್ಲಲ್ಲ; ಅದು ಹುಟ್ಟಿದ್ದು ಒಂದು ಮಾರ್ಗದ ಮೇಲೆಯೇ. ಆ ಮಾರ್ಗವು ಶಾಸ್ತ್ರದ್ದಾಗಿರದೆ ಕಬ್ಬಿಣದ್ದಾಗಿದ್ದಿತು, ಅಷ್ಟೆ.

ಜೇಮ್ಸ್ ಚಾರ್ಲ್ಸ್ ರೋಜರ್ಸ್ ಹುಟ್ಟಿದ್ದು 1897ನೆಯ ಇಸವಿ ಸೆಪ್ಟೆಂಬರ್ 8ರಂದು. ಅಮೆರಿಕದ ದಕ್ಷಿಣಭಾಗದ ಮಿಸಿಸಿಪಿ ಸಂಸ್ಥಾನದಲ್ಲಿ, ಹಲವು ರೈಲುದಾರಿಗಳು ಬಂದು ಕೂಡುವ ಜಂಕ್ಷನ್ ಆದ ಮೆರಿಡಿಯನ್ ಎಂಬುದು ಆತನ ಊರು. ತಂದೆ ಮೊಬೀಲ್-ಒಹಾಯೊ ರೈಲ್ವೆಯಲ್ಲಿ, ನಮ್ಮಲ್ಲಿ ಗ್ಯಾಂಗ್ ಮೇಸ್ತ್ರಿ ಎನ್ನುತ್ತಾರಲ್ಲ, ಅಂತಹ ಕೆಲಸದಲ್ಲಿದ್ದನು: ಕೂಲಿಗಳ ತಂಡವೊಂದನ್ನು ಕಟ್ಟಿಕೊಂಡು ತನಗೆ ವಹಿಸಿದಷ್ಟು ದೂರದ ಹಳಿಗಳನ್ನು ನೆಟ್ಟಗಿರಿಸುವುದು, ಸೀಳಿದ ಸ್ಲೀಪರುಗಳನ್ನು ತೆಗೆದು ಹೊಸವನ್ನು ಹಾಸುವುದು, ಸಡಿಲಿದ ಜಲ್ಲಿಯನ್ನು ಬಿಗಿಯುವುದು. ತಾಯಿ, ಮಗುವಿಗೆ ಐದಾರು ವರ್ಷವಾಗಿದ್ದಾಗಲೇ ತೀರಿಕೊಂಡಳು. ತಬ್ಬಲಿಯಾದ ಹುಡುಗನು ನಂಟರ ಮನೆಗಳಲ್ಲಿ ಅಷ್ಟಷ್ಟು ದಿನ ಬೆಳೆದನು. ಉಳಿದ ದಿನಗಳಲ್ಲಿ ಮೆರಿಡಿಯನ್ನಿನ ಬೀದಿಗಳೇ ಆತನನ್ನು ಬೆಳೆಯಿಸಿದುವು. ಹದಿಮೂರು ತುಂಬುವುದರೊಳಗೆ ಎರಡು ಬಾರಿ ತನ್ನದೇ ಆದ ಸಂಚಾರೀ ಆಟದ ತಂಡವನ್ನು ಕಟ್ಟಿಕೊಂಡು ಊರುಬಿಟ್ಟನು. ಎರಡು ಬಾರಿಯೂ ತಂದೆ ಹೋಗಿ ಹಿಡಿದುತಂದನು. ಕೊನೆಗೆ ಹುಡುಗನಿಗೆ ತನ್ನ ಗ್ಯಾಂಗಿನಲ್ಲಿಯೇ ನೀರು ಹೊರುವ ಕೆಲಸವನ್ನು ಕೊಡಿಸಿದನು.

ಈ ನೀರು ಹೊರುವ ಕೆಲಸವೇ ಆತನ ಗುರುಕುಲವಾಯಿತು. ಹಳಿಗಳನ್ನು ಸರಿಪಡಿಸುವ ಕೂಲಿಕಾರರು ಆಫ್ರಿಕ ಸಂತತಿಯ ಕಪ್ಪುಜನರು. ಸೊಟ್ಟಗಾದ ಹಳಿಯನ್ನು ನೆಟ್ಟಗೆ ಮಾಡುವಾಗ ಹತ್ತು ಹನ್ನೆರಡು ಜನ ಸಾಲಾಗಿ ನಿಂತು ಹಾರೆಗಳನ್ನು ಹಳಿಯ ಕೆಳಕ್ಕೆ ಒತ್ತುವರು. ಅವರಲ್ಲಿ ಒಬ್ಬನು ಒಂದು ಸಾಲನ್ನು ಎತ್ತಿ ಹಾಡುವನು. ಆ ಸಾಲಿನ ತಾಳ ಎಲ್ಲಿ ಬೀಳುವುದೋ ಅಲ್ಲಿ ಎಲ್ಲ ಹಾರೆಗಳೂ ಒಮ್ಮೆಗೇ ಮೀಟಬೇಕು. ಒಬ್ಬನ ಬಲ ಅರೆಕ್ಷಣ ಹಿಂದಾದರೂ ಹಳಿ ಮಿಸುಕದು. ಹಾಡು ಅಲ್ಲಿ ವಿನೋದವಲ್ಲ, ಸನಿಕೆ ಹಾರೆಗಳಂತೆ ಒಂದು ಉಪಕರಣ. ಮಧ್ಯಾಹ್ನದ ಬಿಡುವಿನಲ್ಲಿ ಅದೇ ಜನರು ನೆರಳಿನಲ್ಲಿ ಕುಳಿತು ಬ್ಯಾಂಜೊ, ಗಿಟಾರುಗಳನ್ನು ಮೀಟುತ್ತ ಹಾಡುತ್ತಿದ್ದದ್ದು ಬ್ಲೂಸ್ ಎಂಬ ತಮ್ಮ ದುಃಖದ ಧಾಟಿಯನ್ನು. ಅದರ ರಚನೆ ಬಹು ಸರಳವಾದದ್ದು: ಹಾಡುಗಾರನು ಒಂದು ಸಾಲನ್ನು ಹೇಳುತ್ತಾನೆ, ಅದನ್ನೇ ಮತ್ತೊಮ್ಮೆ ಹೇಳುತ್ತಾನೆ, ಯೋಚಿಸುವುದಕ್ಕೆ ಹೊತ್ತು ಬೇಕೆಂಬಂತೆ, ಮೂರನೆಯ ಸಾಲಿನಲ್ಲಿ ಮೊದಲಿನದಕ್ಕೆ ಉತ್ತರವನ್ನೋ ಕುಹಕವನ್ನೋ ನಿಟ್ಟುಸಿರನ್ನೋ ಕೂಡಿಸಿ ಮುಗಿಸುತ್ತಾನೆ. ಬಿಳಿಯರೂ ಕಪ್ಪುಜನರೂ ಒಂದು ಬೆಂಚಿನ ಮೇಲೆ ಕೂಡಬಾರದೆಂಬ ಕಟ್ಟಳೆಯಿದ್ದ ಆ ನಾಡಿನಲ್ಲಿ, ನೀರಿನ ಬಕೀಟನ್ನು ಹಿಡಿದು ನಿಂತಿದ್ದ ಬಿಳಿಯ ಹುಡುಗನಿಗೆ ಈ ವಿದ್ಯೆಯನ್ನು ಕಲಿಸಬಾರದೆಂಬ ಕಟ್ಟಳೆ ಮಾತ್ರ ಯಾರಿಗೂ ಹೊಳೆದಿರಲಿಲ್ಲ. ಮುಂದೆ ಆತನ ಪ್ಲೇಟುಗಳು ಲಕ್ಷಗಟ್ಟಲೆ ಮಾರಿದುವು. ಆತನಿಗೆ ಕಲಿಸಿದವರ ಹೆಸರುಗಳು ಯಾವ ಪ್ಲೇಟಿನ ಮೇಲೂ ಅಚ್ಚಾಗಲಿಲ್ಲ. ಆತನ ಕೀರ್ತಿಯನ್ನು ಹೇಳುವಾಗ ಈ ಸಾಲವನ್ನೂ ಜೊತೆಗೇ ಹೇಳಬೇಕಾದುದು ನ್ಯಾಯ.

ದೊಡ್ಡವನಾದ ಮೇಲೆ ಆತನು ಬ್ರೇಕ್‌ಮನ್ ಆಗಿ ಗೂಡ್ಸ್ ಗಾಡಿಗಳಲ್ಲಿ ದುಡಿದನು; ಮೆರಿಡಿಯನ್ನಿನಿಂದ ನ್ಯೂ ಆರ್ಲಿಯನ್ಸ್ ನಗರಕ್ಕೆ ಹೋಗುವ ದಾರಿಯಲ್ಲಿ ಹೆಚ್ಚು ಕಾಲ. ಬೋಗಿಗಳನ್ನು ಕೂಡಿಸುವುದು, ಬಿಡಿಸುವುದು, ಪಾಯಿಂಟ್ ತಿರುಗಿಸುವುದು, ಓಡುವ ಗಾಡಿಯ ಮಾಡುಗಳ ಮೇಲೆಯೇ ಒಂದರಿಂದ ಒಂದಕ್ಕೆ ನಡೆದುಹೋಗಿ ಕೈಬ್ರೇಕುಗಳನ್ನು ಬಿಗಿಯುವುದು, ಇವೆಲ್ಲ ಆತನ ಕರ್ತವ್ಯಗಳು. ಮಳೆಯಲ್ಲಿ, ಚಳಿಯಲ್ಲಿ, ಇಂಜಿನ್ನಿನ ಹೊಗೆಯಲ್ಲಿ ಮಾಡತಕ್ಕ ಈ ಕೆಲಸವು ಸ್ಥಿರವಾದುದೂ ಆಗಿರಲಿಲ್ಲ. ಸರಕು ಹೆಚ್ಚಿದಾಗ ಕರೆಯುವರು, ಇಳಿದಾಗ ಬಿಡಿಸುವರು. ಬಿಡಿಸಿದಾಗಲೆಲ್ಲ ಆತನು ಗಿಟಾರನ್ನು ಹೆಗಲಿಗೆ ಹಾಕಿಕೊಂಡು ಯಾವುದಾದರೊಂದು ಆಟದ ಡೇರೆಯನ್ನು ಸೇರುತ್ತಿದ್ದನು.

1920ರಲ್ಲಿ ಕ್ಯಾರಿ ವಿಲಿಯಮ್ಸನ್ ಎಂಬ, ಮೆಥಡಿಸ್ಟ್ ಪಾದ್ರಿಯೊಬ್ಬನ ಮಗಳನ್ನು ವಿವಾಹವಾದನು. ಅದಕ್ಕೆ ಮುಂಚೆ ಒಂದು ಮದುವೆಯಾಗಿ, ಅದು ಹೆಚ್ಚು ಕಾಲ ನಿಂತಿರಲಿಲ್ಲ. ಕ್ಯಾರಿಯಲ್ಲಿ ಇಬ್ಬರು ಹೆಣ್ಣುಮಕ್ಕಳು ಹುಟ್ಟಿದರು. ಕಿರಿಯ ಕೂಸು 1923ರ ಡಿಸೆಂಬರಿನಲ್ಲಿ, ಆರು ತಿಂಗಳಿನದಾಗಿದ್ದಾಗ ತೀರಿಕೊಂಡಿತು. ಮರುವರ್ಷವೇ ಆತನು ಕೆಮ್ಮಿದಾಗ ಕರವಸ್ತ್ರದಲ್ಲಿ ರಕ್ತ ಕಾಣಿಸಿಕೊಂಡು, ವೈದ್ಯರು ಕ್ಷಯವೆಂದು ನಿರ್ಣಯಿಸಿದರು. ಆಗ ಆತನಿಗೆ ಇಪ್ಪತ್ತೇಳು ವರ್ಷ. ರಾಜಯಕ್ಷ್ಮವೆಂದು ನಮ್ಮ ವೈದ್ಯಗ್ರಂಥಗಳು ಹೆಸರಿಟ್ಟ ಈ ವ್ಯಾಧಿಗೆ ಆ ಕಾಲದಲ್ಲಿ ಒಣಹವೆ, ಹಾಲು ಮೊಟ್ಟೆ, ಸಂಪೂರ್ಣ ವಿಶ್ರಾಂತಿ ಇವಿಷ್ಟನ್ನು ಬಿಟ್ಟರೆ ಮದ್ದಿರಲಿಲ್ಲ. ಸ್ಟ್ರೆಪ್ಟೊಮೈಸಿನ್ ಎಂಬ ಔಷಧವನ್ನು ಕಂಡುಹಿಡಿದದ್ದು 1943ರಲ್ಲಿ. ವಿಶ್ರಾಂತಿಯೆಂಬುದು ಹಣವುಳ್ಳವನಿಗೆ ಮಾತ್ರ ದೊರೆಯುವ ಔಷಧ. ಹೆಂಡತಿ ಮಗಳೊಡನೆ ರೋಜರ್ಸ್ ಒಳ್ಳೆಯ ಹವೆಯನ್ನು ಅರಸಿ ಫ್ಲೋರಿಡಕ್ಕೆ ಹೋದನು, ಅರಿಜೋನದ ಮರುಭೂಮಿಗೆ ಹೋದನು. ಹೋದಲ್ಲೆಲ್ಲ ರೈಲ್ವೆಯ ಕೆಲಸವನ್ನೇ ಹಿಡಿದನು. ಹಿಡಿದ ಕೆಲಸವನ್ನು ದೇಹವು ನಡೆಸಿಕೊಡಲಿಲ್ಲ.

ಶ್ರೋತೃಗಳೆ, ಇಲ್ಲಿ ಒಂದು ಕ್ಷಣ ನಿಲ್ಲೋಣ. ದೇಹಶ್ರಮದಿಂದ ಬದುಕುತ್ತಿದ್ದವನಿಗೆ ಶ್ರಮವೇ ನಿಷಿದ್ಧವಾಯಿತು. ಉಳಿದದ್ದು ಹಾಡು. ಆದರೆ ಹಾಡಿಗೆ ಬೇಕಾದದ್ದು ಉಸಿರು. ವ್ಯಾಧಿ ಕುಳಿತಿದ್ದದ್ದು ಆ ಉಸಿರಿನ ಮನೆಯಲ್ಲಿಯೇ. ಕೂಲಿಯನ್ನು ಕಸಿದುಕೊಂಡು ಆತನನ್ನು ಗಾಯಕನನ್ನಾಗಿ ಮಾಡಿದ ರೋಗವೇ, ಗಾಯನವನ್ನೂ ದಿನದಿನವೂ ಅಷ್ಟಷ್ಟು ಕಸಿಯುತ್ತ ನಡೆಯಿತು.

1927ರ ವಸಂತದಲ್ಲಿ ಆತನನ್ನು ನಾವು ಉತ್ತರ ಕ್ಯಾರೊಲೈನದ ಆಶ್‌ವಿಲ್ ಎಂಬ ಬೆಟ್ಟದೂರಿನಲ್ಲಿ ಕಾಣುತ್ತೇವೆ. ಅಲ್ಲಿ ಆ ವರ್ಷವಷ್ಟೇ ಒಂದು ಬಾನುಲಿ ನಿಲಯ ತೆರೆದಿದ್ದಿತು. ನಮ್ಮ ಮೈಸೂರಿನಲ್ಲಿ ಪ್ರಾಧ್ಯಾಪಕ ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಆಕಾಶವಾಣಿಯನ್ನು ಮೊದಲುಮಾಡಿದ್ದು 1935ರಲ್ಲಿ. ಅದಕ್ಕೆ ಎಂಟು ವರ್ಷ ಮುಂಚೆ ಈ ರೋಗಿಯಾದ ಬ್ರೇಕ್‌ಮನ್ ಆಶ್‌ವಿಲ್ಲಿನ ಮೈಕ್ರೊಫೋನಿನ ಮುಂದೆ ನಿಂತು ಹಾಡಿದನು. ಟೆನ್ನೆಸಿ ಗಡಿಯ ಬ್ರಿಸ್ಟಲ್ ಊರಿನ ಮೂವರು ವಾದ್ಯಗಾರರು ಆತನನ್ನು ಕೂಡಿಕೊಂಡರು. ಕೆಲವೇ ವಾರಗಳಲ್ಲಿ ನಿಲಯದವರು ಕಾರ್ಯಕ್ರಮವನ್ನು ನಿಲ್ಲಿಸಿಬಿಟ್ಟರು. ಹೀಗೆ ಕೆಲಸ ಕಳೆದುಕೊಂಡವರು, ವಿಕ್ಟರ್ ಗ್ರಾಮಫೋನ್ ಕಂಪೆನಿಯವರು ಹಾಡುಗಾರರನ್ನು ಹುಡುಕಿಕೊಂಡು ಬ್ರಿಸ್ಟಲ್ಲಿಗೆ ಬಂದಿದ್ದಾರೆಂಬ ವರ್ತಮಾನವನ್ನು ಕೇಳಿ ಅತ್ತ ಧಾವಿಸಿದರು.

ಬ್ರಿಸ್ಟಲ್ ಒಂದು ವಿಚಿತ್ರವಾದ ಊರು. ಅದರ ಹಿರಿಯ ಬೀದಿಯ ಒಂದು ಮಗ್ಗುಲು ಟೆನ್ನೆಸಿ, ಇನ್ನೊಂದು ಮಗ್ಗುಲು ವರ್ಜೀನಿಯ. ಆ ಬೀದಿಯಲ್ಲಿ, ಮುಂಚೆ ಟೋಪಿಗಳ ದಾಸ್ತಾನಿದ್ದು ಆಗ ಬರಿದಾಗಿದ್ದ ಮಳಿಗೆಯೊಂದನ್ನು ಬಾಡಿಗೆಗೆ ಹಿಡಿದು, ಪ್ರತಿಧ್ವನಿ ಏಳದಂತೆ ಗೋಡೆಗಳಿಗೆ ಕೌದಿಗಳನ್ನು ತೂಗುಬಿಟ್ಟು, ರಾಲ್ಫ್ ಪಿಯರ್ ಎಂಬಾತನು ಕಂಪೆನಿಯ ಇಬ್ಬರು ಯಂತ್ರಜ್ಞರೊಡನೆ ಧ್ವನಿಮುದ್ರಣ ಶಾಲೆಯನ್ನು ಹೂಡಿದ್ದನು. ಮೊದಲೆಲ್ಲ ಹಾಡುಗಾರನು ದೊಡ್ಡ ಕೊಳವೆಯೊಳಕ್ಕೆ ಮೋರೆಯಿಟ್ಟು ಅರಚಬೇಕಾಗಿದ್ದಿತು; ಗಟ್ಟಿಯಾದ ಶಾರೀರವಿಲ್ಲದವನಿಗೆ ಅಲ್ಲಿ ಸ್ಥಾನವಿರಲಿಲ್ಲ. 1925ರಲ್ಲಿ ವಿದ್ಯುತ್ತಿನಿಂದ ಧ್ವನಿಯನ್ನು ಮುದ್ರಿಸುವ ವಿಧಾನವು ಬಳಕೆಗೆ ಬಂದ ಮೇಲೆ, ಮಗ್ಗುಲಲ್ಲಿ ಕುಳಿತವನೊಡನೆ ಮಾತನಾಡುವಂತೆ ಮೆಲ್ಲನೆ ಹಾಡಿದರೂ ಮೇಣದ ತಟ್ಟೆಯು ಅದನ್ನು ಹಿಡಿದುಕೊಳ್ಳುತ್ತಿದ್ದಿತು. ರೋಜರ್ಸನ ಅರ್ಧ ಬೆಂದ ಪುಪ್ಪುಸಗಳಿಗೆ ಹಳೆಯ ಕೊಳವೆಯ ಕಾಲವಾಗಿದ್ದರೆ ಉಳಿಗಾಲವಿರಲಿಲ್ಲವೆಂದು ನನಗೆ ತೋರುತ್ತದೆ.

ಜುಲೈ 25ರಿಂದ ಆಗಸ್ಟ್ 5ರ ತನಕ ಹತ್ತೊಂಬತ್ತು ಮೇಳಗಳು ಆ ಮಳಿಗೆಯ ಮೆಟ್ಟಲೇರಿ ಎಪ್ಪತ್ತಾರು ಹಾಡುಗಳನ್ನು ಕೊಟ್ಟುವು. ಆಗಸ್ಟ್ ಮೊದಲನೆಯ ದಿನ ವರ್ಜೀನಿಯದ ಬೆಟ್ಟದ ತಪ್ಪಲಿನಿಂದ ಕಾರ್ಟರ್ ಕುಟುಂಬದವರು ಬಂದರು: ಎ. ಪಿ. ಕಾರ್ಟರ್, ಅವನ ಹೆಂಡತಿ ಸಾರಾ, ತಮ್ಮನ ಹೆಂಡತಿ ಮೇಬೆಲ್. ಮೂರು ದಿನಗಳ ಮೇಲೆ ರೋಜರ್ಸ್ ಬಂದನು. ಕಾರ್ಟರರ ಹಾಡುಗಳಲ್ಲಿ ಇದ್ದದ್ದು ಮನೆ, ಒಲೆ, ಇಗರ್ಜಿ, ತಾಯಿಯ ಗೋರಿ; ರೋಜರ್ಸನ ಹಾಡುಗಳಲ್ಲಿ ಬರಲಿದ್ದದ್ದು ದಾರಿ, ಗಾಡಿ, ಸೆರೆಮನೆ, ಕೈಕೊಟ್ಟ ಹೆಣ್ಣು. ಕಂಟ್ರಿ ಸಂಗೀತದ ಮುಂದಿನ ಇತಿಹಾಸವೆಲ್ಲ ಮನೆಯಲ್ಲಿ ಉಳಿದವರ ಹಾಡಿಗೂ ಮನೆ ಬಿಟ್ಟವನ ಹಾಡಿಗೂ ನಡೆದ ಸಂವಾದವೆಂದರೆ ತಪ್ಪಾಗಲಾರದು. ಎರಡೂ ಒಂದೇ ವಾರದಲ್ಲಿ, ಒಂದೇ ಟೋಪಿಯ ಮಳಿಗೆಯಲ್ಲಿ ಮುದ್ರಿತವಾದುವು.

ಮುದ್ರಣದ ಹಿಂದಿನ ರಾತ್ರಿ ಪ್ಲೇಟಿನ ಮೇಲೆ ಯಾರ ಹೆಸರನ್ನು ಹಾಕಿಸಬೇಕೆಂಬ ವಿಷಯದಲ್ಲಿ ರೋಜರ್ಸನಿಗೂ ಜೊತೆಗಾರರಿಗೂ ಜಗಳವಾಗಿ, ಅವರು ಬೇರೆಯಾದರು. ಆತನು ಒಬ್ಬನೇ, ಒಂದು ಗಿಟಾರಿನೊಡನೆ, ಯುದ್ಧದಲ್ಲಿ ಮಡಿದ ಯೋಧನ ಪ್ರೇಯಸಿಯ ಮೇಲಣ ಹಾಡೊಂದನ್ನೂ ಜೋಗುಳವೊಂದನ್ನೂ ಹಾಡಿ ನೂರು ಡಾಲರುಗಳನ್ನು ಪಡೆದನು. ಪಿಯರ್ ವ್ಯವಹಾರಜ್ಞನು. ಹಳೆಯ ಹಾಡುಗಳಲ್ಲಿ ಗ್ರಂಥಸ್ವಾಮ್ಯವು ಯಾರಿಗೂ ಸೇರದು. ಹೊಸ ಹಾಡಾದರೆ ಅದರ ಸ್ವಾಮ್ಯವನ್ನು ದಾಖಲೆಮಾಡಿಸಿ, ಮಾರಿದ ಒಂದೊಂದು ಪ್ಲೇಟಿಗೂ ಇಷ್ಟೆಂದು ಗೌರವಧನವನ್ನು ಪಡೆಯಬಹುದು. ಆದುದರಿಂದ ಆತನು ಎಲ್ಲರನ್ನೂ ಕೇಳುತ್ತಿದ್ದದ್ದು ಒಂದೇ: "ನಿಮ್ಮದೇ ಆದ ಹಾಡು ಇದೆಯೇ?" ಈ ವ್ಯಾಪಾರದ ಪ್ರಶ್ನೆಯಿಂದಲೇ ಒಂದು ಸಾಹಿತ್ಯವು ಹುಟ್ಟಿತು. ಸಂಗೀತದ ಲಿಪಿಯನ್ನು ಓದಲಾರದ ರೋಜರ್ಸನಿಗೆ, ಪಿಯಾನೊ ಬಲ್ಲ, ಹೆಂಡತಿಯ ಅಕ್ಕ ಎಲ್ಸಿ ಮ್ಯಾಕ್‌ವಿಲಿಯಮ್ಸ್ ಹತ್ತಾರು ಹಾಡುಗಳನ್ನು ಕಟ್ಟಿಕೊಟ್ಟಳು. ಉಳಿದವನ್ನು ಆತನು ಗ್ಯಾಂಗಿನ ನೆನಪಿನ ಉಗ್ರಾಣದಿಂದ ಹೆಕ್ಕಿ ಜೋಡಿಸಿದನು.

ಮೊದಲ ಪ್ಲೇಟು ಅಷ್ಟೇನೂ ಮಾರಲಿಲ್ಲ. ಕರೆ ಬರುವವರೆಗೆ ಕಾಯುವ ಆಯುಸ್ಸು ತನಗಿಲ್ಲವೆಂದು ಬಲ್ಲವನಂತೆ, ಆತನು ಆ ನವೆಂಬರಿನಲ್ಲಿ ತಾನೇ ನ್ಯೂಯಾರ್ಕಿಗೆ ಹೋಗಿ, ಹೋಟೆಲೊಂದರಲ್ಲಿ ಇಳಿದು, ತಾನು ಬಂದಿರುವುದಾಗಿ ಪಿಯರನಿಗೆ ಟೆಲಿಫೋನ್ ಮಾಡಿದನು. ನವೆಂಬರ್ 30ರಂದು ನ್ಯೂಜರ್ಸಿಯ ಕ್ಯಾಮ್ಡೆನ್ ಎಂಬಲ್ಲಿ ಹಾಡಿದ ನಾಲ್ಕು ಹಾಡುಗಳಲ್ಲಿ ಒಂದಕ್ಕೆ ಬ್ಲೂ ಯೋಡೆಲ್ ಎಂದು ಹೆಸರಿಟ್ಟರು. ಮರುವರ್ಷದ ಆದಿಯಲ್ಲಿ ಹೊರಬಿದ್ದ ಅದು ದಕ್ಷಿಣದ ಪ್ರತಿಯೊಂದು ಹಳ್ಳಿಯ ಅಂಗಡಿಯನ್ನೂ ಹೊಕ್ಕಿತು. ಕೆಲವು ತಿಂಗಳುಗಳಲ್ಲಿ ಅಪರಿಚಿತನಾಗಿದ್ದ ಕ್ಷಯರೋಗಿ ಅಮೆರಿಕದ ಜನಪ್ರಿಯ ಗಾಯಕರ ಸಾಲಿನಲ್ಲಿ ಬಂದು ನಿಂತನು.

ಈ ಯೋಡೆಲ್ ಎಂಬುದು ಯಾವುದು? ಎದೆಯಿಂದ ಹೊರಡುವ ಸಹಜವಾದ ಧ್ವನಿಯಿಂದ, ನಮ್ಮ ಗಾಯಕರು ಕಳ್ಳದನಿಯೆನ್ನುವ ತೆಳುವಾದ ಮೇಲುದನಿಗೆ ಒಮ್ಮೆಗೇ ನೆಗೆದು, ಮತ್ತೆ ಕೆಳಕ್ಕೆ ಬೀಳುವುದು. ನಮ್ಮ ಸಂಗೀತಗಾರರು ಎರಡು ಸ್ವರಗಳ ನಡುವೆ ಬಿರುಕು ಕಾಣಿಸದಂತೆ ಜಾರುವುದನ್ನು ಸಾಧಿಸುತ್ತಾರೆ. ಯೋಡೆಲಿನಲ್ಲಾದರೋ ಆ ಬಿರುಕೇ ರಸಸ್ಥಾನ. ಆಲ್ಪ್ಸ್ ಪರ್ವತಗಳಲ್ಲಿ ದನಗಾಹಿಗಳು ಒಂದು ಇಳಿಜಾರಿನಿಂದ ಇನ್ನೊಂದಕ್ಕೆ ಕೂಗಿಕೊಳ್ಳುತ್ತಿದ್ದ ರೀತಿ ಇದು. ಹತ್ತೊಂಬತ್ತನೆಯ ಶತಮಾನದಲ್ಲಿ ಅದೇ ಪರ್ವತಗಳ ಟಿರೋಲ್ ಪ್ರಾಂತದ ಗಾಯಕವೃಂದಗಳು ಅಮೆರಿಕದಲ್ಲಿ ಸಂಚರಿಸಿ ಇದನ್ನು ಅಲ್ಲಿನ ರಂಗಸ್ಥಳಗಳಿಗೆ ಕೊಟ್ಟವು. ಅಲ್ಲಿ ಇದು ನಗೆಯಾಟದ ಸಾಮಗ್ರಿಯಾಗಿ ಉಳಿಯಿತು. ರೋಜರ್ಸ್ ಮಾಡಿದ್ದೇನೆಂದರೆ, ಹಳಿಯ ಕೂಲಿಗಳ ಮೂರು ಸಾಲಿನ ದುಃಖದ ತುದಿಗೆ ಆಲ್ಪ್ಸಿನ ಈ ಕೂಗನ್ನು ತಂದು ಕಟ್ಟಿದನು. ಮಾತಿಗೆ ಒಗ್ಗದ ಶೇಷವು ಪ್ರತಿ ಚರಣದ ಕೊನೆಯಲ್ಲಿಯೂ ಆ ಮುರಿದ ಧ್ವನಿಯಲ್ಲಿ ಹೊರಬಂದಿತು. ಕೇಳಿದ ಜನರಿಗೆ ಅದರಲ್ಲಿ ಹಿಮಪರ್ವತದ ದನಗಾಹಿ ಕಾಣಿಸಲಿಲ್ಲ. ನಡುರಾತ್ರಿ ಹೊಲಗಳ ಆಚೆ ದೂರದಲ್ಲಿ ಹಾದುಹೋಗುವ ಗಾಡಿಯ ಸಿಳ್ಳು ಕೇಳಿಸಿತು.

ಆತನ ತಾಳಜ್ಞಾನವು ಶಾಸ್ತ್ರಜ್ಞರು ಮೆಚ್ಚುವಂತಹುದಾಗಿರಲಿಲ್ಲ. ಮನಸ್ಸು ಬಂದಲ್ಲಿ ಒಂದು ಮಾತ್ರೆಯನ್ನು ಹೆಚ್ಚಾಗಿ ಎಳೆಯುವನು, ಇನ್ನೊಂದೆಡೆ ನುಂಗಿಬಿಡುವನು. ಪಕ್ಕವಾದ್ಯದವರು ಆತನ ಬಾಯನ್ನೇ ನೋಡುತ್ತ ಹಿಂಬಾಲಿಸಬೇಕಾಗಿದ್ದಿತು. 1930ರ ಜುಲೈ 16ರಂದು ಹಾಲಿವುಡ್ಡಿನಲ್ಲಿ ಹಾಡಿದ, ಬ್ಲೂ ಯೋಡೆಲ್ ಎಂಬ ಹೆಸರಿನ ಒಂಬತ್ತನೆಯ ಹಾಡಿಗೆ ಹಾಗೆ ಹಿಂಬಾಲಿಸಿದ ತುತ್ತೂರಿ ಜಾಸ್ ಸಂಗೀತದ ಮಹಾಪುರುಷನಾದ ಲೂಯಿ ಆರ್ಮ್‌ಸ್ಟ್ರಾಂಗನದು. ಪಿಯಾನೊ ಆತನ ಪತ್ನಿ ಲಿಲ್ ಹಾರ್ಡಿನಳದು. ಕಂಪೆನಿಗಳವರು ಬಿಳಿಯರ ಪ್ಲೇಟುಗಳಿಗೆ ಒಂದು ಪಟ್ಟಿ, ಕಪ್ಪುಜನರ ಪ್ಲೇಟುಗಳಿಗೆ ಇನ್ನೊಂದು ಪಟ್ಟಿಯನ್ನು ಅಚ್ಚುಹಾಕಿಸುತ್ತಿದ್ದ ಕಾಲ ಅದು. ಪ್ಲೇಟಿನ ಮೇಲೆ ಆರ್ಮ್‌ಸ್ಟ್ರಾಂಗನ ಹೆಸರಿಲ್ಲ. ಹೆಸರಿಗೆ ಎಡೆಯಿಲ್ಲದ ಕಡೆಯಲ್ಲಿಯೂ ಉಸಿರಿಗೆ ಎಡೆಯಿದ್ದಿತು. ಗಾಯಕನು ಒಂದು ಸಾಲನ್ನು ಬಿಟ್ಟೊಡನೆ ತುತ್ತೂರಿಯು ಅದನ್ನು ಎತ್ತಿಕೊಂಡು ಮಾತಾಡುವುದನ್ನು ಇಂದಿಗೂ ಕೇಳಬಹುದು.

ಐಶ್ವರ್ಯ ಬಂದಿತು, ಬಂದಂತೆಯೇ ಹೋಯಿತು. ಟೆಕ್ಸಸ್ಸಿನ ಕೆರ್‌ವಿಲ್ ಎಂಬ, ಕ್ಷಯರೋಗಿಗಳು ಹವೆಗಾಗಿ ಬರುತ್ತಿದ್ದ ಗುಡ್ಡದೂರಿನಲ್ಲಿ 1929ರಲ್ಲಿ ಭವ್ಯವಾದ ಮನೆಯೊಂದನ್ನು ಕಟ್ಟಿಸಿದನು. ಕೆಲವು ವರ್ಷಗಳಲ್ಲಿಯೇ ಅದನ್ನು ಬಿಡಬೇಕಾಯಿತು. ಮಾರ್ಟಿನ್ ಕಂಪೆನಿಯವರು ಆತನಿಗಾಗಿ ಮಾಡಿದ ಗಿಟಾರಿನ ಕುತ್ತಿಗೆಯ ಮೇಲೆ ಮುತ್ತಿನ ಚಿಪ್ಪಿನಿಂದ ಆತನ ಹೆಸರನ್ನು ಕೂರಿಸಿದ್ದರು. ಬೆನ್ನಿನ ಮೇಲೆ ದೊಡ್ಡ ಅಕ್ಷರಗಳಲ್ಲಿ ವಂದನೆಯ ಮಾತೊಂದನ್ನು ಬರೆದಿದ್ದರು. ಒಂದು ಕಾಲನ್ನು ಕುರ್ಚಿಯ ಮೇಲಿಟ್ಟು, ಗಿಟಾರನ್ನು ಮಂಡಿಗೆ ಒರಗಿಸಿ, ಎದುರಿಗಿರುವವನಿಗೆ ಗುಟ್ಟು ಹೇಳುವಂತೆ ಹಾಡಿ ಮುಗಿಸಿ, ಆತನು ಗಿಟಾರನ್ನು ಹಿಂದುಮುಂದಾಗಿ ತಿರುಗಿಸಿ ಆ ಬೆನ್ನನ್ನು ಸಭೆಗೆ ತೋರುವನು. ದಣಿದ ಎದೆಯಿಂದ ಇನ್ನೊಂದು ಮಾತನ್ನು ಹೊರಡಿಸದೆ ಕೃತಜ್ಞತೆಯನ್ನು ಸಲ್ಲಿಸುವ ಉಪಾಯವೂ ಅದು ಆಗಿದ್ದೀತು.

ಅಷ್ಟರಲ್ಲಿ ದೇಶಕ್ಕೆ ಆರ್ಥಿಕ ಮುಗ್ಗಟ್ಟು ಬಂದಿತು. 1927ರಲ್ಲಿ ಅಮೆರಿಕದಲ್ಲಿ ಸುಮಾರು ಹತ್ತು ಕೋಟಿ ಪ್ಲೇಟುಗಳು ಮಾರಿದ್ದರೆ, 1932ರ ವೇಳೆಗೆ ಅದು ಅರುವತ್ತು ಲಕ್ಷಕ್ಕೆ ಇಳಿದಿತ್ತೆಂದು ಲೆಕ್ಕ. ಬಡರೈತನು ಅಂಗಡಿಗೆ ಬಂದು, ಬೆಣ್ಣೆ, ಮೊಟ್ಟೆ, ಜಿಮ್ಮಿ ರೋಜರ್ಸನ ಹೊಸ ಪ್ಲೇಟು ಎಂದು ಒಂದೇ ಉಸಿರಿನಲ್ಲಿ ಕೇಳುತ್ತಿದ್ದನೆಂಬ ಮಾತು ಆ ಕಡೆ ಇಂದಿಗೂ ಕತೆಯಾಗಿ ಉಳಿದಿದೆ. 1931ರ ಮೊದಲಲ್ಲಿ ಬರಗಾಲಪೀಡಿತರಿಗಾಗಿ ರೆಡ್‌ಕ್ರಾಸ್ ಸಂಸ್ಥೆಗೆ ಹಣ ಕೂಡಿಸಲು, ತನ್ನ ಹೆಸರಿನವನೇ ಆದರೂ ನಂಟನಲ್ಲದ ಹಾಸ್ಯಗಾರ ವಿಲ್ ರೋಜರ್ಸನೊಡನೆ ಟೆಕ್ಸಸ್, ಒಕ್ಲಹೋಮಗಳನ್ನು ಸುತ್ತಿದನು. ಆ ಜನವರಿಯಲ್ಲಿಯೇ ತನ್ನ ಕ್ಷಯವನ್ನೇ ವಸ್ತು ಮಾಡಿಕೊಂಡು ಒಂದು ಬ್ಲೂಸನ್ನು ಹಾಡಿದನು. ರೋಗವನ್ನು ನೆರೆಹೊರೆಗೆ ತಿಳಿಯದಂತೆ ಮುಚ್ಚಿಡುತ್ತಿದ್ದ ಕಾಲದಲ್ಲಿ, ಸಾವು ತನ್ನ ಹಾಸಿಗೆಯ ಮಗ್ಗುಲಲ್ಲಿ ಕುಳಿತಿರುವುದನ್ನು ಇಷ್ಟು ನಿರಾಡಂಬರವಾಗಿ, ಕಣ್ಣೀರನ್ನು ಯಾಚಿಸದೆ, ಅಂಗಡಿಯಲ್ಲಿ ಬಿಕರಿಗಿಟ್ಟ ಕಲಾವಿದರು ವಿರಳ.

1933ರ ಮೇ ತಿಂಗಳಲ್ಲಿ, ಹೆಂಡತಿ ಮಗಳ ಮುಂದಿನ ಜೀವನಕ್ಕೆ ಇನ್ನಷ್ಟು ಹಣ ಕೂಡಲೆಂದು, ದಾದಿಯೊಬ್ಬಳನ್ನು ಜೊತೆಗೆ ಕರೆದುಕೊಂಡು ಗ್ಯಾಲ್ವೆಸ್ಟನ್ ಬಂದರಿನಿಂದ ಹಡಗಿನಲ್ಲಿ ನ್ಯೂಯಾರ್ಕಿಗೆ ಹೊರಟನು. ರೈಲಿನ ಹಾಡುಗಾರನಿಗೆ ಕೊನೆಯ ಪ್ರಯಾಣದಲ್ಲಿ ರೈಲಿನ ಕುಲುಕಾಟವು ಆಗದಾಗಿತ್ತೆಂದು ಊಹಿಸಬಹುದು. 17ನೆಯ ತಾರೀಖಿನಿಂದ ಮೊದಲಾದ ಮುದ್ರಣಕ್ಕೆ ಧ್ವನಿಶಾಲೆಯಲ್ಲಿಯೇ ಒಂದು ಮಂಚವನ್ನು ಹಾಕಿಸಿದ್ದರು. ಒಂದು ಹಾಡು, ಆಮೇಲೆ ಮಂಚ. ಮಂಚದಿಂದ ಎದ್ದು ಇನ್ನೊಂದು ಹಾಡು. ನಡುನಡುವೆ ಕೆಲವು ದಿನಗಳ ಬಿಡುವು. ಹೀಗೆ ಒಂದು ವಾರದಲ್ಲಿ ಹತ್ತಕ್ಕೂ ಹೆಚ್ಚು ಹಾಡುಗಳನ್ನು ಆತನು ಎದೆಯಿಂದ ಎತ್ತಿ ಮೇಣದ ಮೇಲೆ ಇಟ್ಟನು. 24ರಂದು ಕೊನೆಯ ಹಾಡಿಗೆ ಬೇರೆ ವಾದ್ಯಗಾರರಿರಲಿಲ್ಲ. ಬ್ರಿಸ್ಟಲ್ಲಿನ ಮಳಿಗೆಯಲ್ಲಿದ್ದಂತೆಯೇ ತಾನೊಬ್ಬ, ತನ್ನ ಗಿಟಾರು ಒಂದು. ಮರುದಿನ ಕಾನಿ ದ್ವೀಪದ ಸಮುದ್ರತೀರಕ್ಕೆ ವಿಹಾರ ಹೋಗಿಬಂದನು. ಆ ರಾತ್ರಿ ರಕ್ತ ಕಾರಿ, 26ರ ಬೆಳಗಿನ ಜಾವದೊಳಗೆ ಟಾಫ್ಟ್ ಹೋಟೆಲಿನ ಕೊಠಡಿಯಲ್ಲಿ ಪ್ರಾಣ ಬಿಟ್ಟನು.

ಶವವನ್ನು ಮೆರಿಡಿಯನ್ನಿಗೆ ರೈಲಿನಲ್ಲಿಯೇ ಒಯ್ದರು. ಊರು ಹತ್ತಿರವಾದಾಗ ಡ್ರೈವರನು ಎಂದಿನ ಕೂಗಿಗೆ ಬದಲಾಗಿ ಸಿಳ್ಳನ್ನು ಮೆಲ್ಲಗೆ ತೆರೆದು, ಒಂದೇ ಸಮನೆ ನರಳುವಂತೆ ನಿಲ್ದಾಣದ ತನಕ ಊದಿದನೆಂದು ಹೇಳುತ್ತಾರೆ. ಅದನ್ನು ಕೇಳಲು ಹಳಿಗಳ ಇಕ್ಕೆಲದಲ್ಲಿ ನಿಂತಿದ್ದವರಲ್ಲಿ ರೈಲ್ವೆಯ ನೌಕರರು ಇದ್ದರು. ಇಪ್ಪತ್ತು ವರ್ಷಗಳ ಅನಂತರ, ಅದೇ ಮೇ 26ರಂದು, ಆ ಊರಿನವರು ಆತನ ಸ್ಮಾರಕವನ್ನು ಅನಾವರಣ ಮಾಡಿದರು. ಅದರ ಮಗ್ಗುಲಲ್ಲಿ ಒಂದು ಹಳೆಯ ಉಗಿಯಿಂಜಿನ್ನನ್ನು ತಂದು ನಿಲ್ಲಿಸಿದರು. ಹಾಗೆ ಮಾಡಲು ಮುಂದಾದವರು ಅರ್ನೆಸ್ಟ್ ಟಬ್ ಮತ್ತು ಹ್ಯಾಂಕ್ ಸ್ನೋ ಎಂಬ ಇಬ್ಬರು ಗಾಯಕರು. ಇಬ್ಬರೂ ಆತನ ಪ್ಲೇಟುಗಳನ್ನು ಕೇಳಿಯೇ ಹಾಡು ಕಲಿತ ಏಕಲವ್ಯರು. ಟಬ್ಬನಿಗೆ ಕ್ಯಾರಿ ತನ್ನ ಗಂಡನ ಆ ಮಾರ್ಟಿನ್ ಗಿಟಾರನ್ನೇ ನುಡಿಸಲು ಕೊಟ್ಟಿದ್ದಳು.

ಇದಿಷ್ಟೇ ಆಗಿದ್ದರೆ, ಅಮೆರಿಕದ ಒಬ್ಬ ಗಾಯಕನ ವೃತ್ತಾಂತವು ಅಮೆರಿಕದವರಿಗೆ ಸೇರಿದ್ದೆಂದು ಬಿಡಬಹುದಾಗಿದ್ದಿತು. ಆದರೆ ಇನ್ನೊಂದು ಸಂಗತಿ ಇದೆ. ಪೂರ್ವ ಆಫ್ರಿಕದ ಕೆನ್ಯದಲ್ಲಿ ಕಿಪ್ಸಿಗಿಸ್ ಎಂಬ, ದನಸಾಕುವ ಜನಾಂಗವೊಂದುಂಟು. 1950ರಲ್ಲಿ ಹ್ಯೂ ಟ್ರೇಸಿ ಎಂಬ ಸಂಗೀತ ಸಂಗ್ರಾಹಕನು ಅವರ ಹಾಡುಗಳನ್ನು ಮುದ್ರಿಸಲು ಹೋದಾಗ, ಹೆಣ್ಣುಮಕ್ಕಳು ತಮ್ಮ ತಂತಿವಾದ್ಯಕ್ಕೆ ದನಿಗೂಡಿಸಿ "ಚೆಮಿರೊಚ" ಎಂಬುವನ ಮೇಲೆ ಒಂದು ಹಾಡನ್ನು ಹಾಡಿದರು. ಆತನಾರೆಂದು ವಿಚಾರಿಸಲು, ಅರ್ಧ ಮನುಷ್ಯ, ಅರ್ಧ ಜಿಂಕೆಯಾದ ಒಬ್ಬ ಮಾಯಾವಿ ಗಾಯಕನೆಂದು ತಿಳಿದುಬಂದಿತು. ಹುಡುಗಿಯರು ಆತನನ್ನು ತಮ್ಮೊಡನೆ ಕುಣಿಯಲು ಕರೆಯುತ್ತಿದ್ದರು. ಶ್ರೋತೃಗಳೆ, ಜಿಮ್ಮಿ ರೋಜರ್ಸ್ ಎಂಬ ಹೆಸರನ್ನು ಬೇಗಬೇಗನೆ ನಾಲ್ಕು ಸಲ ಹೇಳಿನೋಡಿ. ಬಿಳಿಯರು ಆ ಸೀಮೆಗೆ ತಂದಿದ್ದ ಗ್ರಾಮಫೋನಿನಿಂದ ಆ ಮುರಿದ ಧ್ವನಿಯು ಹೊರಟು, ಅವರ ಕಿವಿಯನ್ನು ಹೊಕ್ಕು, ಅವರ ಭಾಷೆಯ ವೇಷವನ್ನು ತೊಟ್ಟು, ಅವರ ಮೇವುಗಾವಲಿನ ದೇವತೆಗಳೊಡನೆ ಸೇರಿಹೋಗಿದ್ದಿತು. ಆಫ್ರಿಕದಿಂದ ಸಂಕಲೆಯಲ್ಲಿ ಹೋದವರ ಮೊಮ್ಮಕ್ಕಳು ಹಳಿಯ ಮೇಲೆ ಬಿಳಿಯ ಹುಡುಗನೊಬ್ಬನಿಗೆ ಕಲಿಸಿದ ದುಃಖವು, ಆತನ ಕೊರಳಿನಿಂದ ಪ್ಲೇಟಿಗೆ ಇಳಿದು, ಆಫ್ರಿಕದ ಇನ್ನೊಂದು ಮೂಲೆಯ ಹುಲ್ಲುಗಾವಲಿಗೆ ಹೀಗೆ ಹಿಂದಿರುಗಿತು. ಅಲ್ಲಿನ ಹುಡುಗಿಯರಿಗೆ ಅದು ದುಃಖವೆಂದು ತಿಳಿಯಲೂ ಇಲ್ಲ, ಕುಣಿತವೆಂದು ತೋರಿತು.

ಆ ಹುಡುಗಿಯರು ತಿಳಿಯದೆ ಆಡಿದರೆಂದು ನಗುವ ಹಕ್ಕು ನನಗಂತೂ ಇಲ್ಲ. ಅವರು ಅರ್ಧವಾದರೂ ಮನುಷ್ಯನೆಂದು ಒಪ್ಪಿದ್ದರು. ಹುಬ್ಬಳ್ಳಿಯ ಓಣಿಯ ನಾವು ಊಳನ್ನು ಪೂರ್ತಿಯಾಗಿ ನಾಯಿಯ ಲೆಕ್ಕಕ್ಕೇ ಬರೆದಿದ್ದೆವು. ಈಗ ಯೋಚಿಸಿದರೆ ಇಬ್ಬರಿಗೂ ಕೇಳಿಸಿದ್ದು ಒಂದೇ. ಮನುಷ್ಯನ ಮಾತು ಮುಗಿದ ಮೇಲೆಯೂ ಕೊರಳಿನಲ್ಲಿ ಉಳಿಯುವ, ಜಿಂಕೆಗೂ ನಾಯಿಗೂ ಇಂಜಿನ್ನಿಗೂ ಒಪ್ಪುವ ಒಂದು ಕೂಗು. ಗಾರ್ಡ್ ಸಾಹೇಬರು ತಮಗೆ ಕೆಲಸವಿದ್ದ ರಾತ್ರಿಗಳಲ್ಲಿ, ಗಾಡಿಯ ಕೊನೆಯ ಡಬ್ಬಿಯಲ್ಲಿ ಒಬ್ಬರೇ ನಿಂತು, ಕೈದೀಪವನ್ನು ಹೊರಕ್ಕೆ ತೂಗುತ್ತ ಹೋಗುವರು. ಊರಿನ ಕೊನೆಯ ಸಿಗ್ನಲನ್ನು ದಾಟುವಾಗ ಇಂಜಿನ್ನು ಉದ್ದವಾಗಿ ಸಿಳ್ಳುಹಾಕುತ್ತಿದ್ದಿತು. ಹಾಸಿಗೆಯಲ್ಲಿ ಮಲಗಿದ್ದ ನಾವು ಹುಡುಗರು ಅದನ್ನು ಕೇಳಿ, ಆಹಾ, ಸಾಹೇಬರ ನಾಯಿ ಹೊರಟಿತು ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದೆವು.